ಅಟ್ಟದಲ್ಲಿ ತಾತನ ಕಾಲದ ಮಿಲಿಟರಿ ಬಂದೂಕು ಇದೆಯೇ? ಮೊದಲು ಕಾಗದ, ಆಮೇಲೆ ಎಣ್ಣೆ

ಶಿರಾ, ಪಾವಗಡ, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಹೆಚ್ಚುಕಡಿಮೆ ಒಂದೇ. "ಅಟ್ಟ ಗುಡಿಸುವಾಗ ಹಳೇ ತುಪಾಕಿ ಸಿಕ್ಕಿತು. ಪಕ್ಕದಲ್ಲಿ ಕಿರೀಟದ ಗುರುತಿದೆ, ಕೆಳಗೊಂದು ಉದ್ದನೆಯ ಹಿಡಿಕೆ ಇದೆ. ನೂರು ವರ್ಷ ದಾಟಿದ್ದಕ್ಕೆ ಲೈಸೆನ್ಸ್ ಬೇಡವಂತಲ್ಲ? ತುಕ್ಕು ತೆಗೆಯೋದು ಹೇಗೆ? ಒಂದು ಸಲ ಹೊಡೆದು ನೋಡಬಹುದಾ?"

ಮೊದಲನೆಯದಕ್ಕೆ ಉತ್ತರ: ಲೈಸೆನ್ಸ್ ಬೇಕು. ಎರಡನೆಯದು ತಾಳ್ಮೆ ಇದ್ದವರಿಗೆ ಸುಲಭ. ಮೂರನೆಯದಕ್ಕೆ ನಮ್ಮ ಜಿಲ್ಲೆಗಳಲ್ಲಿ ಸದ್ಯಕ್ಕೆ ಉತ್ತರ 'ಬೇಡ'. ಕಾರಣ ಮುಂದೆ ಹೇಳುತ್ತೇವೆ.

ಇಲ್ಲಿ ಹೇಳುತ್ತಿರುವುದು ಒಂದು ಸಲಕ್ಕೆ ಒಂದೇ ಗುಂಡು ತುಂಬಿ ಹೊಡೆಯುತ್ತಿದ್ದ 19ನೇ ಶತಮಾನದ ಸೇನಾ ಬಂದೂಕುಗಳ ಬಗ್ಗೆ. ಎನ್‌ಫೀಲ್ಡ್, ಸ್ನೈಡರ್, ಮಾರ್ಟಿನಿ-ಹೆನ್ರಿ ಇವುಗಳಲ್ಲಿ ಮುಖ್ಯವಾದವು. ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷರ ಕಾಲದಲ್ಲಿ ವಾಲಂಟಿಯರ್ ದಳವೇ ಇತ್ತು. ಸೇನೆ, ಪೊಲೀಸ್, ಪಟೇಲರ ಮನೆ ಎಂದು ಇಂಥ ಬಂದೂಕುಗಳು ಕೈ ಬದಲಾಯಿಸಿಕೊಂಡು ಹಳ್ಳಿಗೂ ಬಂದಿವೆ.

ಏನೇನು ಬೇಕು

ಬೇಕಾದದ್ದು ಹೆಚ್ಚಿಲ್ಲ, ದುಬಾರಿಯೂ ಅಲ್ಲ. 8 ಮಿಲಿಮೀಟರ್ ದಪ್ಪದ, ಒಂದೂವರೆ ಮೀಟರ್ ಉದ್ದದ ನೇರವಾದ ಮರದ ಕೋಲು. ಟಾರ್ಚ್, ವರ್ನಿಯರ್ ಕ್ಯಾಲಿಪರ್, ಟೇಪು. ರಬ್ಬರ್ ಕೈಗವಸು. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ 200 ಮಿಲಿಲೀಟರ್. ಹಳೆಯ ಹತ್ತಿ ಬಟ್ಟೆ, ಮೆತ್ತನೆ ಟೂತ್ ಬ್ರಷ್, ಬಿದಿರಿನ ಕಡ್ಡಿ. ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್, ಅಂದರೆ ಅತಿ ನಯವಾದ ಉಕ್ಕಿನ ನಾರು. ಪಾತ್ರೆ ಉಜ್ಜುವ ಒರಟು ನಾರು ಇಲ್ಲಿ ಕೆಲಸಕ್ಕೆ ಬಾರದು. ಜೇನುಮೇಣ ಸ್ವಲ್ಪ. ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆಯಲು ಮೊಬೈಲ್.

ಹಂತ 1: ಖಾಲಿ ಇದೆಯೇ ನೋಡಿ

ಹಳೆಯ ಬಂದೂಕನ್ನು ತುಂಬಿಸಿಯೇ ಮೂಲೆಗೆ ಇಟ್ಟಿರುವುದು ಅಪರೂಪವೇನಲ್ಲ. ಕಪ್ಪು ಮದ್ದು, ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಹಳೆಯ ಪುಡಿ, ಒಣಗಿದ್ದರೆ ನೂರು ವರ್ಷವಾದರೂ ಹತ್ತಿಕೊಳ್ಳುತ್ತದೆ. ಆದ್ದರಿಂದ ಬಂದೂಕನ್ನು ಕೈಗೆತ್ತಿಕೊಂಡ ಕ್ಷಣದಿಂದ ನಳಿಗೆಯ ಬಾಯಿ ಜನ, ದನ, ಗೋಡೆಯಾಚೆಯ ಕೋಣೆ ಯಾವುದರ ಕಡೆಗೂ ತಿರುಗಬಾರದು. ಕುದುರೆಯ, ಅಂದರೆ ಟ್ರಿಗರಿನ, ಮೇಲೆ ಬೆರಳಿಡಬಾರದು. ಮಕ್ಕಳನ್ನು ಹೊರಗೆ ಕಳಿಸಿ.

ಕೆಳಗೆ ಉದ್ದನೆಯ ಹಿಡಿಕೆ ಇದ್ದರೆ ಮಾರ್ಟಿನಿ. ಹಿಡಿಕೆಯನ್ನು ಕೊನೆಯವರೆಗೂ ಕೆಳಕ್ಕೆ, ಮುಂದಕ್ಕೆ ಒತ್ತಿ. ನಳಿಗೆಯ ಹಿಂಬಾಯಿಯನ್ನು ಮುಚ್ಚಿರುವ ಕಬ್ಬಿಣದ ಗಟ್ಟಿ ಕೆಳಗಿಳಿಯುತ್ತದೆ. ಇದಕ್ಕೆ ಬ್ರೀಚ್ ಬ್ಲಾಕ್ ಎನ್ನುತ್ತಾರೆ. ಮೇಲಿನಿಂದ ಟಾರ್ಚ್ ಬಿಟ್ಟು ಕಾಡತೂಸು ಕೂರುವ ಗೂಡನ್ನು ನೋಡಿ. ಬಲಬದಿಯಲ್ಲಿ ಕಣ್ಣೀರಿನ ಹನಿಯಾಕಾರದ ಒಂದು ಮುಳ್ಳು ಇರುತ್ತದೆ. ಅದು ತಿಳಿಸುವುದು ಸ್ಪ್ರಿಂಗ್ ಎಳೆದಿದೆಯೇ ಎಂದು ಮಾತ್ರ. ಒಳಗೆ ಕಾಡತೂಸು ಇದೆಯೇ ಎಂದು ಅದರಿಂದ ಗೊತ್ತಾಗುವುದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ.

ಸ್ನೈಡರ್‌ನಲ್ಲಿ ಹೊರಗೆ ಸುತ್ತಿಗೆಯಂಥ ಹ್ಯಾಮರ್ ಇರುತ್ತದೆ. ಅದನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ಬ್ರೀಚ್ ಬ್ಲಾಕನ್ನು ಬಲಕ್ಕೆ ಮಗುಚಿದರೆ ಗೂಡು ಕಾಣುತ್ತದೆ.

ಬಾಯಿಂದ ಮದ್ದು ತುಂಬುವ ಬಂದೂಕಾದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮರದ ಕೋಲನ್ನು ಪಕ್ಕದಲ್ಲಿ ನಿಂತು ನಿಧಾನವಾಗಿ ತೂರಿಸಿ, ಮುಖ ನಳಿಗೆಯ ಮೇಲೆ ಬರದಿರಲಿ. ಕೋಲು ನಿಂತ ಕಡೆ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಹೊರಮೈಗೆ ಹೊಂದಿಸಿ. ಕೋಲಿನ ತುದಿ ಹಿಂಬದಿಯಲ್ಲಿ ಕೇಪು ಕೂರುವ ಮೊಲೆಯ ನೇರಕ್ಕೆ ಬಂದರೆ ಖಾಲಿ. ಅಲ್ಲಿಗೆ ತಲುಪದೆ ಎರಡು ಬೆರಳಗಲಕ್ಕಿಂತ ಹೆಚ್ಚು ಮೊದಲೇ ನಿಂತರೆ ಒಳಗೆ ಮದ್ದಿದೆ ಎಂದೇ ತಿಳಿಯಿರಿ. ಆಗ ಕೊರೆಯುವುದು, ಕುಟ್ಟುವುದು, ಬಿಸಿ ಮಾಡುವುದು, ಬಿಸಿಲಿಗಿಡುವುದು ಯಾವುದೂ ಕೂಡದು. ಹಾಗೆಯೇ ಒಂದು ಕಡೆ ಇಟ್ಟು, ಕೋಣೆಗೆ ಬೀಗ ಹಾಕಿ ಪೊಲೀಸ್ ಠಾಣೆಗೆ ತಿಳಿಸಿ. ಮದ್ದು ಇಳಿಸುವುದು ಲೈಸೆನ್ಸ್ ಇರುವ ದುರಸ್ತಿಗಾರನ ಕೆಲಸ.

ಹಂತ 2: ಗುರುತುಗಳನ್ನು ಓದಿ, ಬರೆದಿಡಿ

ಒರೆಸುವ ಮೊದಲೇ ಫೋಟೋ ತೆಗೆಯಿರಿ. ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೆರಳಿನಲ್ಲಿ ಅಕ್ಷರ ಎದ್ದು ಬರುತ್ತದೆ.

ಮಾರ್ಟಿನಿ-ಹೆನ್ರಿ ಬ್ರಿಟಿಷ್ ಸೇನೆಗೆ ಬಂದದ್ದು 1871ರಲ್ಲಿ. ಬಾಗಿಲಿನ, ಅಂದರೆ ಬ್ರೀಚ್ ಬ್ಲಾಕಿನ, ಯಂತ್ರ ಮಾರ್ಟಿನಿ ಎಂಬುವರದು; ಗುಂಡು ತಿರುಗುತ್ತಾ ಹೋಗಲೆಂದು ನಳಿಗೆಯೊಳಗೆ ಕೊರೆದ ಏಳು ಸುತ್ತುಗೀರು ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯವು. ಬಲಬದಿಯಲ್ಲಿ ಕಿರೀಟ, ಅದರ ಕೆಳಗೆ ವಿಕ್ಟೋರಿಯಾ ರಾಣಿಯ 'ವಿ.ಆರ್.', ತಯಾರಾದ ಕಡೆಯ ಹೆಸರು, ಇಸವಿ, ಮಾದರಿ ಸಂಖ್ಯೆ ಸಾಲಾಗಿ ಇರುತ್ತವೆ. ಎರಡನೇ ಮಾದರಿ 1877, ಮೂರನೆಯದು 1879, ನಾಲ್ಕನೆಯದು 1888ರದು. ಮೊದಲ ಮೂರು ಮಾದರಿಗಳ ಒಟ್ಟು ಉದ್ದ ಸುಮಾರು 124 ಸೆಂಟಿಮೀಟರ್; ಅಶ್ವದಳದ ಕಾರ್ಬೈನ್ ಒಂದು ಮೀಟರಿಗೂ ಕಡಿಮೆ.

ಸ್ನೈಡರ್ 1866ರದು. ಬಾಯಿಂದ ತುಂಬುವ ಎನ್‌ಫೀಲ್ಡ್ ಬಂದೂಕಿನ ಹಿಂಬದಿ ಕತ್ತರಿಸಿ, ಪಕ್ಕಕ್ಕೆ ತೆರೆಯುವ ಬಾಗಿಲು ಕೂರಿಸಿ ಮಾಡಿದ್ದು. ಮೂರು ಕಬ್ಬಿಣದ ಪಟ್ಟಿಯ ಉದ್ದನೆಯದು ಸುಮಾರು 140 ಸೆಂಟಿಮೀಟರ್ ಇರುತ್ತದೆ.

ನಮ್ಮ ಕಡೆ ಸಿಗುವವುಗಳಲ್ಲಿ ಗೊಂದಲ ಹುಟ್ಟಿಸುವುದು ನುಣುಪು ನಳಿಗೆಯ ಎನ್‌ಫೀಲ್ಡ್. 1857ರ ದಂಗೆಯ ಬಳಿಕ ಭಾರತೀಯ ಸಿಪಾಯಿಗಳ ಕೈಗೆ ಬ್ರಿಟಿಷರಷ್ಟೇ ಒಳ್ಳೆಯ ಆಯುಧ ಕೊಡಬಾರದೆಂದು ಸರ್ಕಾರ ನಿರ್ಧರಿಸಿತು. ಹೊರಗಿನಿಂದ ರೈಫಲಿನಂತೆಯೇ ಕಾಣುವ, ಒಳಗೆ ಸುತ್ತುಗೀರೇ ಇಲ್ಲದ 1859ರ ಮಾದರಿ ಬಂದದ್ದು ಹೀಗೆ. ಮುಂದೆ ಬ್ರಿಟಿಷ್ ಪಡೆಗಳಿಗೆ ಮಾರ್ಟಿನಿ ಬಂದಾಗಲೂ ಭಾರತೀಯ ಪಡೆಗಳಿಗೆ ಸ್ನೈಡರೇ ಗತಿಯಾಯಿತು. ಹಾಗಾಗಿ ಗೀರಿಲ್ಲದ ನಳಿಗೆ ಕಂಡು "ಇದು ಡೂಪ್ಲಿಕೇಟ್" ಎಂದು ತಳ್ಳಿಹಾಕಬೇಡಿ. ಅದು ಆ ಕಾಲದ ಅಪನಂಬಿಕೆಯ ನೇರ ಸಾಕ್ಷಿ.

ಬೋರ್, ಅಂದರೆ ನಳಿಗೆಯ ಒಳವ್ಯಾಸ, ಬಾಯಿಯ ಹತ್ತಿರ ಅಳೆಯಿರಿ. ಸುಮಾರು 11.4 ಮಿಲಿಮೀಟರ್ ಬಂದರೆ ಮಾರ್ಟಿನಿ-ಹೆನ್ರಿ. 14.7 ಬಂದರೆ ಸ್ನೈಡರ್ ಅಥವಾ ಸುತ್ತುಗೀರಿನ ಎನ್‌ಫೀಲ್ಡ್. 16.7 ಬಂದರೆ ಮೇಲೆ ಹೇಳಿದ ನುಣುಪು ನಳಿಗೆ. ಮಾರ್ಟಿನಿಯ ಬಾಗಿಲಿದ್ದೂ 7.7 ಬಂದರೆ ಅದು .303ಕ್ಕೆ ಬದಲಾಯಿಸಿದ ಬಂದೂಕು. ಆ ಬೋರು ಸೇನೆಯ ಗುಂಡಿನದಾದ್ದರಿಂದ ಅದರ ಕಾಗದದ ದಾರಿಯೇ ಬೇರೆ. ಅರ್ಜಿಗೆ ಮುಂಚೆಯೇ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು ಬಗೆಯದೂ ಸಿಗುತ್ತದೆ: ಲೀ-ಎನ್‌ಫೀಲ್ಡ್ ಎಂಬ ಸೇನಾ ರೈಫಲಿನ ಮ್ಯಾಗಜಿನ್ (ಗುಂಡುಗಳ ಪೆಟ್ಟಿಗೆ) ಜಾಗಕ್ಕೆ ಮರ ತುಂಬಿ, ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ಪೊಲೀಸರಿಗೆಂದು ಒಂಟಿ ಗುಂಡಿನದಾಗಿ ಬದಲಾಯಿಸಿದ .410 ಮಸ್ಕೆಟ್. ನೋಡಲು ಸಾಧು. ಆದರೆ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಇದು ನಿಷೇಧಿತ ವರ್ಗದ ಸಾಲಿನಲ್ಲಿದೆ. ಜಿಲ್ಲಾಧಿಕಾರಿ ಮಟ್ಟದಲ್ಲಿ ಮುಗಿಯುವ ವಿಷಯ ಇದಲ್ಲ.

ನಕಲಿಯ ಲಕ್ಷಣ ಗುರುತಿಸುವುದು ಕಷ್ಟವಲ್ಲ. ವಾಯವ್ಯ ಗಡಿಯ ಖೈಬರ್ ಕಡೆಯ ಕಮ್ಮಾರರು ಮಾಡಿದ ಬಂದೂಕುಗಳಲ್ಲಿ ಇಂಗ್ಲಿಷ್ ಅಕ್ಷರ ತಿರುಗುಮುರುಗಾಗಿರುತ್ತದೆ, ಎನ್‌ಫೀಲ್ಡಿನ ಕಾಗುಣಿತ ತಪ್ಪಿರುತ್ತದೆ, ಸಾಲು ಸೊಟ್ಟಗಿರುತ್ತದೆ. 'ವಿ.ಆರ್.' ಇದ್ದು ಇಸವಿ 1903 ಎಂದಿದ್ದರೆ ಅನುಮಾನವೇ ಬೇಡ, ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಸಂಗ್ರಹಕಾರರಿಗೆ ಇಂಥದ್ದಕ್ಕೂ ಬೆಲೆಯಿದೆ. ಆದರೆ ಅದರ ಕಬ್ಬಿಣ ಎಂಥದ್ದೋ ಯಾರಿಗೂ ಗೊತ್ತಿಲ್ಲವಾದ್ದರಿಂದ ಹೊಡೆಯುವ ಮಾತು ಬೇಡವೇ ಬೇಡ.

ಮೇಲ್ಮುಖ ಬಾಣದಂಥ ಗುರುತು ಸರ್ಕಾರಿ ಆಸ್ತಿಯದು. ಎರಡು ಬಾಣದ ಮೊನೆಗಳು ಎದುರುಬದುರಾಗಿದ್ದರೆ ಸೇನೆ ಅದನ್ನು ಮಾರಿ ಕೈಬಿಟ್ಟಿದೆ ಎಂದರ್ಥ. ಈ ಚಿಕ್ಕ ಗುರುತಿನ ಫೋಟೋ ಕಡತದಲ್ಲಿರಲಿ.

ಹಂತ 3: ಕಾಗದ

ಇದೇ ಎಲ್ಲಕ್ಕಿಂತ ಮುಖ್ಯ, ಇಲ್ಲೇ ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ.

"ನೂರು ವರ್ಷವಾದರೆ ಲೈಸೆನ್ಸ್ ಬೇಡ" ಎಂಬುದು ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡಿ ಹಬ್ಬಿದ ಮಾತು. ಅಲ್ಲಿನ ಕಾನೂನಿನಲ್ಲಿ 1898 ಅಥವಾ ಅದಕ್ಕೆ ಮುಂಚಿನ ಬಂದೂಕಿಗೆ ವಿನಾಯಿತಿ ಇದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಇಂಥ ಇಸವಿಯ ಗಡಿ ಇಲ್ಲ. ಅದರ 45(ಸಿ) ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವನ್ನು ಹೊರಗಿಡುತ್ತದೆ, ನಿಜ. ಷರತ್ತು ಏನೆಂದರೆ, ರಿಪೇರಿ ಮಾಡಿದರೂ ಅದು ಬಂದೂಕಾಗಿ ಕೆಲಸಕ್ಕೆ ಬಾರದಂತಿರಬೇಕು. ಒಂದು ಸ್ಪ್ರಿಂಗ್ ಹಾಕಿದರೆ ನಡೆಯುವ ಮಾರ್ಟಿನಿ ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಮಾಡುವ ಪುರಾತನ ಆಯುಧಗಳಿಗೆ ನಿಯಮಗಳ ಅನುಸೂಚಿಯಲ್ಲಿ 'ಕುತೂಹಲದ ಹಾಗೂ ಐತಿಹಾಸಿಕ ಆಯುಧಗಳು' ಎಂಬ ನಾಲ್ಕನೇ ವರ್ಗವೇ ಇದೆ. ಅರ್ಜಿಯಲ್ಲಿ ಅದನ್ನು ಹೆಸರಿಸಿ ಕೇಳಿ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ಅನ್ವಯಿಸದು.

*ತಾತನ ಲೈಸೆನ್ಸ್ ಪುಸ್ತಕ ಇದ್ದರೆ:* ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಲು 2016ರ ನಿಯಮಗಳಲ್ಲಿ ಅವಕಾಶವಿದೆ. ಬದುಕಿರುವಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು 25 ವರ್ಷದಿಂದ ಅವರ ಬಳಿ ಇದ್ದರೆ, ತಾವು ಸೂಚಿಸಿದ ವಾರಸುದಾರರಿಗೆ ಕೊಡಿಸಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಹಿರಿಯರು ಹೋದ ಮೇಲೆ ಒದ್ದಾಡುತ್ತಾರೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಅಣ್ಣತಮ್ಮಂದಿರು ಮತ್ತು ಅಕ್ಕತಂಗಿಯರ ಆಕ್ಷೇಪಣೆ ಇಲ್ಲವೆಂಬ ಪತ್ರ, ಹಳೆಯ ಪುಸ್ತಕ, ಆಧಾರ್, ವೈದ್ಯಕೀಯ ಪ್ರಮಾಣಪತ್ರ, ನೀವು ತೆಗೆದ ಫೋಟೋಗಳು ಇವನ್ನು ಜೋಡಿಸಿಕೊಂಡು ಜಿಲ್ಲಾಧಿಕಾರಿ ಕಚೇರಿಯ ಮ್ಯಾಜಿಸ್ಟೀರಿಯಲ್ ಶಾಖೆಗೆ ಹೋಗಿ. ಅಕ್ಕತಂಗಿಯರ ಸಹಿ ಬಿಟ್ಟು ಹೋದ ಕಡತ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಅರ್ಜಿ ಇತ್ಯರ್ಥವಾಗುವವರೆಗೆ ಬಂದೂಕು ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇರಬೇಕು.

ಹಳೆಯ ಪುಸ್ತಕದಲ್ಲಿ 'ಎಸ್.ಬಿ.ಬಿ.ಎಲ್.' ಎಂದು ಬರೆದಿರುವುದನ್ನು ಗಮನಿಸಿ. ಒಂಟಿ ನಳಿಗೆಯ, ಹಿಂದಿನಿಂದ ತುಂಬುವ ಬಂದೂಕು ಎಂಬುದರ ಹ್ರಸ್ವರೂಪ ಅದು. ಮಾರ್ಟಿನಿಯನ್ನು ಹೀಗೆ ಬರೆದುಬಿಟ್ಟಿರುವುದುಂಟು. ನಳಿಗೆಯಲ್ಲಿ ಸುತ್ತುಗೀರು ಇದ್ದರೆ ಅದು ರೈಫಲ್. ವಿವರ ಹೊಂದದಿದ್ದರೆ ತಿದ್ದುಪಡಿಗೆ ನೀವೇ ಬರೆದುಕೊಡಿ. ತಪಾಸಣೆಯಲ್ಲಿ ಬೇರೆಯವರು ಕಂಡುಹಿಡಿಯುವವರೆಗೆ ಕಾಯಬೇಡಿ.

*ಯಾವ ಕಾಗದವೂ ಇಲ್ಲದಿದ್ದರೆ:* ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ 2ರಿಂದ 5 ವರ್ಷದವರೆಗೆ ಶಿಕ್ಷೆ ಇದೆ. ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ಒಯ್ಯಬೇಡಿ. ದಾರಿಯಲ್ಲಿ ಸಿಕ್ಕಿಬಿದ್ದರೆ ಒಪ್ಪಿಸಲು ಹೊರಟಿದ್ದೆ ಎಂದು ರುಜುವಾತು ಮಾಡುವುದು ಕಷ್ಟ. ಮೊದಲು ವಕೀಲರನ್ನು ಕಂಡು, ಎಲ್ಲಿ ಯಾವಾಗ ಹೇಗೆ ಸಿಕ್ಕಿತೆಂದು ಬರಹದಲ್ಲಿ ಠಾಣೆಗೆ ತಿಳಿಸಿ. ಅವರು ಬಂದು ತೆಗೆದುಕೊಂಡು ಹೋಗಲಿ. ಸೆಕ್ಷನ್ 21ರ ಅಡಿ ಠೇವಣಿ ಎಂದು ನಮೂದಿಸಿದ ರಸೀತಿ ಪಡೆಯಿರಿ, ಅದರಲ್ಲಿ ಸಂಖ್ಯೆ ಮತ್ತು ಗುರುತುಗಳು ಇರಲಿ. ಅವಧಿಯೊಳಗೆ ಬಿಡಿಸಿಕೊಳ್ಳದ ಠೇವಣಿ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಆದ್ದರಿಂದ ಕೊಟ್ಟು ಮರೆಯಬೇಡಿ.

ಒಬ್ಬರ ಹೆಸರಿಗೆ ಎರಡೇ ಬಂದೂಕು, ವಾರಸಿಕೆಯಿಂದ ಬಂದದ್ದಕ್ಕೂ ಇದೇ ಮಿತಿ. ಲೈಸೆನ್ಸ್ ಅವಧಿ ಈಗ 5 ವರ್ಷ.

ಹಂತ 4: ತುಕ್ಕು

ಕಾಗದ ಸರಿಯಾದ ಮೇಲೆ ಮಾತ್ರ ಈ ಹಂತ. ಹೊಳೆಯುವಂತೆ ಮಾಡಬೇಕೆಂಬ ಆಸೆಯನ್ನು ಮೊದಲು ಬಿಡಿ. ಹಳೆಯ ಬಂದೂಕಿನ ಬೆಲೆ ಇರುವುದು ಗುರುತುಗಳಲ್ಲಿ ಮತ್ತು ಕಾಲ ಕಟ್ಟಿದ ಕಂದು ಪದರದಲ್ಲಿ. ಎಮರಿ ಕಾಗದ, ಗ್ರೈಂಡರಿನ ತಂತಿ ಚಕ್ರ, ಶೌಚಾಲಯದ ಆಸಿಡ್ ಇವು ಅರ್ಧ ಗಂಟೆಯಲ್ಲಿ 150 ವರ್ಷದ ಚರಿತ್ರೆಯನ್ನು ಅಳಿಸಿಹಾಕುತ್ತವೆ. ಹಿತ್ತಾಳೆ ಪಟ್ಟಿಗೆ ಹುಣಸೆಹಣ್ಣು ತಿಕ್ಕುವುದೂ ಬೇಡ. ಹುಳಿ ಮರದ ಸಂದಿಗೆ ಇಳಿದು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ.

ಕೆಂಪಗೆ, ಪುಡಿಪುಡಿಯಾಗಿ ಬೆರಳಿಗೆ ಹತ್ತುವುದು ಜೀವಂತ ತುಕ್ಕು; ಅದನ್ನು ತೆಗೆಯಬೇಕು. ಗಟ್ಟಿಯಾಗಿ, ನುಣ್ಣಗೆ, ಕಂದುಗಪ್ಪಾಗಿ ಕೂತಿರುವುದು ರಕ್ಷಾಪದರ, ಅದನ್ನು ಬಿಡಬೇಕು. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಕೆಂಪು ಜಾಗಕ್ಕೆ ಹಚ್ಚಿ ಒಂದು ಇಡೀ ದಿನ ನೆನೆಯಲು ಬಿಡಿ. ಮಾರನೇ ದಿನ ಬಿದಿರಿನ ಕಡ್ಡಿಯಿಂದ ಕೆರೆದು, ಉಳಿದದ್ದನ್ನು ಎಣ್ಣೆಯಲ್ಲಿ ಅದ್ದಿದ ಉಕ್ಕಿನ ನಾರಿನಿಂದ ಹಗುರವಾಗಿ ಉಜ್ಜಿ. ಐದಾರು ಸಲ ಉಜ್ಜಿ, ಒರೆಸಿ, ನೋಡಿ. ಬಟ್ಟೆಗೆ ಕೆಂಪು ಬರುವುದು ನಿಂತು ಕಂದು ಬಂದರೆ ಕೈ ತೆಗೆಯಿರಿ. ಅಕ್ಷರಗಳ ಮೇಲೆ ನಾರು ಬೇಡ, ಬ್ರಷ್ ಸಾಕು.

ನಳಿಗೆಯ ಒಳಗೆ ಎಚ್ಚರ ಬೇಕು. ಮಾರ್ಟಿನಿಯ ಹಿಂಬದಿ ಮುಚ್ಚಿಕೊಂಡಿರುವುದರಿಂದ ಸಲಾಕೆ ಹಿಂದಿನಿಂದ ನೇರವಾಗಿ ಹೋಗದು, ಬಾಯಿಂದಲೇ ತೂರಿಸಬೇಕು. ಕಬ್ಬಿಣದ ಸಲಾಕೆ ಬಾಯಿಯ ಅಂಚನ್ನು ಸವೆಸುತ್ತದೆ. ಮರದ ಸಲಾಕೆಯನ್ನೇ ಬಳಸಿ, ಇಲ್ಲವೇ ಹಗ್ಗಕ್ಕೆ ಬಟ್ಟೆ ಕಟ್ಟಿ ಹಿಂದಿನಿಂದ ಬಾಯಿಯ ಕಡೆಗೆ ಎಳೆಯಿರಿ.

ಸ್ಕ್ರೂ ಬಿಚ್ಚುವ ಹುಮ್ಮಸ್ಸು ಬೇಡ. ಆ ಕಾಲದ ಸ್ಕ್ರೂಗಳ ಸೀಳು ಕಿರಿದು, ಅಂಗಡಿಯ ಸ್ಕ್ರೂಡ್ರೈವರ್ ಅದರಲ್ಲಿ ಸರಿಯಾಗಿ ಕೂರದೆ ಜಾರಿ ತಲೆ ಕಿತ್ತುಹೋಗುತ್ತದೆ. ಮಾರ್ಟಿನಿಯ ಬ್ಲಾಕಿನೊಳಗೆ ಬಿಗಿಯಾದ ಸುರುಳಿ ಸ್ಪ್ರಿಂಗ್ ಬೇರೆ ಇದೆ. ಖಾಲಿ ಬಂದೂಕಿನ ಕುದುರೆಯನ್ನು ಸುಮ್ಮನೆ ಎಳೆಯುತ್ತಿದ್ದರೆ ಕಾಡತೂಸಿಗೆ ಬಡಿಯುವ ಒಳಗಿನ ಮುಳ್ಳಿನ ತುದಿ ಮುರಿಯಬಹುದು. ಬಂದವರಿಗೆಲ್ಲ 'ಟಕ್' ಎನ್ನಿಸಿ ತೋರಿಸುವ ಅಭ್ಯಾಸ ಬಿಡಿ.

ತಿಪಟೂರಿನ ಕೊಬ್ಬರಿ ನಾಡಿನಲ್ಲಿ ಬಂದೂಕಿಗೂ ಕೊಬ್ಬರಿ ಎಣ್ಣೆ ಹಚ್ಚುವುದು ರೂಢಿ. ಅಡುಗೆಯ ಎಣ್ಣೆಗಳು ಗಾಳಿಗೆ ಕೆಟ್ಟು ಅಂಟಾಗುತ್ತವೆ, ಧೂಳು ಹಿಡಿಯುತ್ತವೆ, ಹುಳಿಯಾಗಿ ಲೋಹವನ್ನು ತಿನ್ನುತ್ತವೆ. ಹಳೆಯ ಅಂಟು ಹಿಡಿದಿದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಆಮೇಲೆ ಯಂತ್ರದ ಎಣ್ಣೆ ಹಚ್ಚಿ. ಕೊನೆಗೆ ಹೊರಮೈಗೆ ಜೇನುಮೇಣದ ತೆಳು ಲೇಪ ಕೊಟ್ಟು ಒಣಬಟ್ಟೆಯಿಂದ ತಿಕ್ಕಿದರೆ ಬೆರಳಿನ ಬೆವರು ನೇರವಾಗಿ ಕಬ್ಬಿಣಕ್ಕೆ ತಾಗುವುದಿಲ್ಲ.

ಹಂತ 5: ಮರ

ಇವುಗಳ ಹಿಡಿ ಸಾಮಾನ್ಯವಾಗಿ ಅಕ್ರೋಟ್ ಮರದ್ದು. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ವಾರ್ನಿಷ್, ಟಚ್‌ವುಡ್ ಬೇಡ. ಅಂಗೈಗೆ ಐದಾರು ಹನಿ ಅಗಸೆ ಎಣ್ಣೆ ಹಾಕಿಕೊಂಡು ಬಿಸಿಯಾಗುವಂತೆ ತಿಕ್ಕಿ, ಒಂದು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿಡಿ.

ಗೆದ್ದಲಿನ ತೂತು ಕಂಡರೆ ಮರಕ್ಕೆ ನೇರವಾಗಿ ಔಷಧಿ ಸಿಂಪಡಿಸುವ ಮೊದಲು ಇಟ್ಟ ಜಾಗ ಬದಲಾಯಿಸಿ. ಗೆದ್ದಲು ಬರುವುದು ಗೋಡೆಯಿಂದ.

ಹಂತ 6: ಇಡುವುದು

ಬೀಗವಿರುವ ಕಬ್ಬಿಣದ ಬೀರು, ಒಳಗೋಡೆಗೆ ಒರಗಿ. ಚರ್ಮದ ಚೀಲ, ಪ್ಲಾಸ್ಟಿಕ್ ಕವರ್ ಎರಡೂ ತೇವ ಹಿಡಿಯುತ್ತವೆ. ತೊಳೆದು ಒಣಗಿಸಿದ ಹತ್ತಿ ಬಟ್ಟೆ ಸಾಕು. 100 ಗ್ರಾಮಿನ ಸಿಲಿಕಾ ಜೆಲ್ ಪೊಟ್ಟಣ ಎರಡು ಇಡಿ, ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಮೂರು ತಿಂಗಳಿಗೊಮ್ಮೆ ನೋಡಿ.

ಆಯುಧ ಪೂಜೆಗೆ ಒದ್ದೆ ಕುಂಕುಮ, ಅರಿಶಿನ, ನಿಂಬೆಹಣ್ಣು, ಹೂವನ್ನು ನೇರವಾಗಿ ಲೋಹದ ಮೇಲೆ ಇಟ್ಟರೆ ಬೊಟ್ಟಿನಷ್ಟೇ ಅಗಲಕ್ಕೆ ತುಕ್ಕು ಏಳುತ್ತದೆ. ವೀಳ್ಯದೆಲೆ ಇಟ್ಟು ಅದರ ಮೇಲೆ ಕುಂಕುಮ ಹಚ್ಚಿ, ಸಂಜೆಯೇ ಎಲ್ಲ ತೆಗೆದು ಎಣ್ಣೆಬಟ್ಟೆಯಲ್ಲಿ ಒರೆಸಿ.

ಚುನಾವಣೆ ಬಂದಾಗ ಠಾಣೆಗೆ ಠೇವಣಿ ಇಡಬೇಕಾಗುತ್ತದೆ. ಕೊಡುವ ಹಿಂದಿನ ದಿನ ಮೇಣ ಹಚ್ಚಿ, ನಾಲ್ಕು ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಬಿಡಿಸಿಕೊಳ್ಳುವಾಗ ಸಂಖ್ಯೆ ನೋಡಿಯೇ ಸಹಿ ಹಾಕಿ.

ಹೊಡೆಯಬಹುದೇ?

ಮಾರ್ಟಿನಿಯ ಮೂಲ ಕಾಡತೂಸಿನಲ್ಲಿ ಸುಮಾರು 5.5 ಗ್ರಾಂ ಕಪ್ಪು ಮದ್ದು, 31 ಗ್ರಾಂ ತೂಕದ ಸೀಸದ ಗುಂಡು ಇರುತ್ತಿತ್ತು. ಆ ಕಾಡತೂಸು ನಮ್ಮ ಗನ್ ಹೌಸ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಸರಕಲ್ಲ. ಮನೆಯಲ್ಲಿ ಮಾಡಿಕೊಂಡರೆ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದ ಅಪರಾಧ. ಬೇರೆ ಕಾಡತೂಸನ್ನು ಹೇಗೋ ಕೂರಿಸಿ ಹೊಡೆಯುವುದು ಪ್ರಾಣಕ್ಕೇ ಸಂಚಕಾರ. ಇಂದಿನ ಹೊಗೆರಹಿತ ಮದ್ದಿನ ಒತ್ತಡವನ್ನು ಕಪ್ಪು ಮದ್ದಿಗೆಂದು ಮಾಡಿದ ನಳಿಗೆ ತಡೆಯದು. ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಸೀಳುವುದು ಅಲ್ಲಿಂದಲೇ, ಅದು ನಿಮ್ಮ ಮುಖದಿಂದ ಒಂದು ಗೇಣು ದೂರ. ಬ್ಲಾಕು ಸಡಿಲವಾಗಿದ್ದರೆ ಕಾಡತೂಸಿನ ಹಿಂಭಾಗ ಒಡೆದು ಬಿಸಿ ಅನಿಲ ಕಣ್ಣಿಗೇ ನುಗ್ಗುತ್ತದೆ.

ಹೊಲಕ್ಕೆ ಹಂದಿ ನುಗ್ಗುತ್ತದೆಂದು ಇದನ್ನು ಎತ್ತಿಕೊಳ್ಳಬೇಡಿ. ಕಾಡುಪ್ರಾಣಿಗೆ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಸಾಗಿಸಲು ಸುಲಭವೆಂದು ನಳಿಗೆ ಕತ್ತರಿಸುವುದು ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಇನ್ನೊಂದು ಅಪರಾಧ.

ಗುರಿ ಹೊಡೆಯುವ ಆಸೆ ನಿಜವಾಗಿ ಇದ್ದರೆ ಬೆಂಗಳೂರಿನ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್ ಮೂಲಕ ಕ್ರೀಡಾ ರೈಫಲಿನಲ್ಲಿ ಕಲಿಯಿರಿ. ಮಾರ್ಟಿನಿಯ ಸದ್ದನ್ನೇ ಕೇಳಬೇಕೆಂದರೆ ಇಂಗ್ಲೆಂಡಿನ ಬಿಸ್ಲಿ ಮೈದಾನದಲ್ಲಿ ಹಳೆಯ ಬಂದೂಕುಗಳಲ್ಲಿ ಈಗಲೂ ಗುರಿ ಹೊಡೆಯುತ್ತಾರೆ.

ಕೊಳ್ಳುವವರಿಗೆ, ಮಾರುವವರಿಗೆ

ಸಂತೆಯಲ್ಲಿ, ಗುಜರಿಯಲ್ಲಿ, ವಾಟ್ಸಾಪಿನಲ್ಲಿ ಬರುವ "ಆಂಟಿಕ್ ಪೀಸ್" ಕೊಳ್ಳಬೇಡಿ. ಲೈಸೆನ್ಸ್ ಇರುವವರಿಂದ, ಲೈಸೆನ್ಸ್ ಇರುವವರು ಮಾತ್ರ ಕೊಳ್ಳಬಹುದು. ಖಾಸಗಿಯಾಗಿ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರು ಆ ಸ್ವೀಕೃತಿ ನೋಡದೆ ಮುಂಗಡ ಕೊಡಬಾರದು. ಬಂದೂಕಿನ ಮೇಲಿನ ಸಂಖ್ಯೆ, ಲೈಸೆನ್ಸ್ ಪುಸ್ತಕದ ಸಂಖ್ಯೆ ಎರಡನ್ನೂ ಸ್ವತಃ ಓದಿ ಹೋಲಿಸಿ. ಸಂಖ್ಯೆಯ ಜಾಗ ತಿಕ್ಕಿ ನುಣ್ಣಗಾಗಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ವಿದೇಶದ ಸಂಗ್ರಹಕಾರರಿಗೆ ಕಳಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳ ಮಾತು ಕೇಳಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವ ಮನಸ್ಸಿಲ್ಲದಿದ್ದರೆ, ಫೋಟೋ ಮತ್ತು ಗುರುತುಗಳ ಪಟ್ಟಿಯೊಂದಿಗೆ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬರೆದು, ಹಸ್ತಾಂತರವನ್ನು ಜಿಲ್ಲಾಧಿಕಾರಿ ಕಚೇರಿಯ ಮೂಲಕವೇ ಮಾಡಿ.